ಹಾಲು ಬಿಟ್ಟೆ, ತುಪ್ಪ ಬಿಟ್ಟೆ. ಮೊಸರನ್ನ ಬಿಡುವುದು ಹೇಗೆ?

ಕಾಯಿಹಾಲು (ಮೈಸೂರು)

ಈ ಚರ್ಚಾವೇದಿಕೆಯ ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿನಿಂದ ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕು ಹೊಸಿಲು ದಾಟದ ಮನೆ ನಮ್ಮದು. ನಾಲ್ಕು ತಿಂಗಳ ಹಿಂದೆ ವೀಗನ್ ಆಗಬೇಕೆಂದು, ಅಂದರೆ ಹಾಲು, ತುಪ್ಪ, ಜೇನು ಸೇರಿ ಪ್ರಾಣಿಗಳಿಂದ ಬರುವ ಯಾವುದನ್ನೂ ಬಳಸಬಾರದೆಂದು ತೀರ್ಮಾನಿಸಿದೆ. ಕಾರಣ ದೊಡ್ಡದೇನಲ್ಲ. ಮಾವನವರ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಮೂರು ದಿನದ ಗಂಡು ಕರುವನ್ನು ತಾಯಿಗೆ ಎಟುಕದಂತೆ ಬೇರೆ ಗೂಟಕ್ಕೆ ಕಟ್ಟಿದ್ದರು. ರಾತ್ರಿಯಿಡೀ ಅದು ಕೂಗುತ್ತಿತ್ತು, ಹಸು ಓಗೊಡುತ್ತಿತ್ತು. ಬೆಳಿಗ್ಗೆ ಕಾಫಿಯ ಲೋಟ ಕೈಗೆ ಬಂದಾಗ ಕುಡಿಯಲು ಆಗಲಿಲ್ಲ.

ಹಾಲಿನ ಕಾಫಿ ಬಿಟ್ಟದ್ದಕ್ಕೆ ಎರಡು ವಾರ ಮುಖ ಸಿಂಡರಿಸಿಕೊಂಡಿದ್ದೆ, ಈಗ ಬೆಲ್ಲದ ಕರಿಕಾಫಿ ಒಗ್ಗಿದೆ. ತುಪ್ಪ ಬಿಡುವುದು ಇನ್ನೂ ಸುಲಭವಾಯಿತು. ಪನೀರು ನಮ್ಮ ಅಡುಗೆಮನೆಯ ಪದಾರ್ಥವೇ ಅಲ್ಲ. ಆದರೆ ಮೊಸರು! ಮೊಸರನ್ನವಿಲ್ಲದೆ ಎದ್ದರೆ ಅದು ಊಟವೆಂದೇ ನನಗೆ ಅನಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಾದಾಮಿ ಮೊಸರಿನ ಬೆಲೆ ನೋಡಿ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದೆ. ಸೋಯಾ ಮೊಸರಿಗೆ ಹಸಿ ಕಾಳಿನ ವಾಸನೆ. ಕೊನೆಗೆ ಮನೆಯಲ್ಲೇ ತೆಂಗಿನಕಾಯಿ ಹಾಲಿಗೆ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಮೇಲೆ ಜಿಡ್ಡಿನ ಕೆನೆ, ಕೆಳಗೆ ನೀರು. "ಹೆಪ್ಪು ಯಾವುದರದು?" ಎಂದು ನಮ್ಮ ಯಜಮಾನರು ಕೇಳಿದಾಗಲೇ ನನಗೆ ಹೊಳೆದದ್ದು, ನಾನು ಹಾಕಿದ್ದು ಹಸುವಿನ ಮೊಸರನ್ನೇ.

ಎರಡು ಪ್ರಶ್ನೆಗಳಿವೆ. ಹೆಪ್ಪಿಲ್ಲದೆ ಹೆಪ್ಪು ಹಾಕುವುದು ಹೇಗೆ? ಮತ್ತು ಅತ್ತೆಯವರಿಗೆ ಏನು ಹೇಳುವುದು? ಅವರಿಗೆ ಕೋಪವಿಲ್ಲ. ನನಗೆ ಏನೋ ಕಾಯಿಲೆ, ಅದನ್ನು ಮುಚ್ಚಿಡುತ್ತಿದ್ದೇನೆ ಎಂದು ನಂಬಿದ್ದಾರೆ.

ಒಗ್ಗರಣೆ (ತುಮಕೂರು)

ತೆಂಗಿನ ಹಾಲು ಬೇಡ, ಅದು ಪಾಯಸಕ್ಕೆ ಹುಟ್ಟಿದ್ದು. ಕಡಲೆಕಾಯಿ ಬೀಜ ತೆಗೆದುಕೊಳ್ಳಿ. ಒಂದು ಲೋಟ ಬೀಜವನ್ನು ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ. ಕೈಯಾಡಿಸುವುದನ್ನು ನಿಲ್ಲಿಸಬೇಡಿ, ತಳ ಹಿಡಿದರೆ ಮೊಸರಿಗೂ ಸೀದ ವಾಸನೆ ಬರುತ್ತದೆ. ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಡಿ. ಹೌದು, ತೊಟ್ಟು. ಹುಳಿ ಬರಿಸುವ ಜೀವಾಣುಗಳು ಅದರಲ್ಲೇ ಇರುತ್ತವೆ. ಮನೆಯಲ್ಲಿ ಹೆಪ್ಪು ಮುಗಿದು ಪಕ್ಕದ ಮನೆಯವರೂ ಊರಿಗೆ ಹೋಗಿದ್ದರೆ ನಮ್ಮ ಅಜ್ಜಿ ಹಸುವಿನ ಹಾಲಿಗೂ ಇದನ್ನೇ ಮಾಡುತ್ತಿದ್ದರು.

ಮೊದಲ ಸಲದ ಮೊಸರು ತೆಳ್ಳಗೆ, ತುಸು ಖಾರ. ಎಸೆಯಬೇಡಿ, ಅದೇ ನಿಮ್ಮ ಹೆಪ್ಪು. ಎರಡನೆಯ ಸಲದ್ದನ್ನು ತಿನ್ನಿ.

ಸಂಶಯಾತ್ಮ (ಬೆಂಗಳೂರು)

ಕ್ಷಮಿಸಿ, ಆದರೆ ಕೇಳಲೇಬೇಕು. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು 'ವೆಜಿಟೇರಿಯನ್' ಎಂಬ ಪದದ ಹೊಟ್ಟೆ ತೆಗೆದು ತಲೆ ಬಾಲ ಜೋಡಿಸಿ ಮಾಡಿದ ಪದ 'ವೀಗನ್'. ಅದಕ್ಕಾಗಿ ನಾವು ಸಾವಿರಾರು ವರ್ಷಗಳ ಹಾಲು ಮೊಸರನ್ನು ಬಿಡಬೇಕೇ? ಪಂಚಾಮೃತದಲ್ಲಿ ಐದರಲ್ಲಿ ನಾಲ್ಕು ಹೋದರೆ ಉಳಿಯುವುದು ಸಕ್ಕರೆ ಮಾತ್ರ. ಮೈಸೂರಿನವರು ಬೇರೆ. ರೇಷ್ಮೆ ಸೀರೆಯ ಕಥೆ ಏನು?

ರಥಬೀದಿ (ಉಡುಪಿ)

ಸಂಶಯಾತ್ಮರೇ, ಪದ ಇಂಗ್ಲೆಂಡಿನದು, ಒಪ್ಪಿದೆ. ಬಿಡುವ ಅಭ್ಯಾಸ ನಮಗೇನು ಹೊಸದೇ? ನಮ್ಮಲ್ಲಿ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. ತುಪ್ಪ ನಾಲ್ಕೂ ತಿಂಗಳು ನಡೆಯುತ್ತದೆ, ಹಾಗಾಗಿ ಇದನ್ನು ವೀಗನ್ ಎಂದು ಕರೆದು ನಾನು ಬೀಗುವುದಿಲ್ಲ. ಆದರೆ ಮೊಸರಿಲ್ಲದ ತಿಂಗಳಲ್ಲಿ ಯಾರೂ ಉಪವಾಸ ಮಲಗಿಲ್ಲ. ನನ್ನ ತಾಯಿ ಕ್ಷೀರವ್ರತದಲ್ಲಿ ಮಾಡುವ ಕಡಲೆಬೇಳೆ ಪಾಯಸಕ್ಕೆ ಕಾಯಿಹಾಲೇ, ಅದರ ಮುಂದೆ ಹಾಲಿನ ಪಾಯಸ ಸಪ್ಪೆ.

ಕಾಯಿಹಾಲು ಅವರೇ, ಅತ್ತೆಯವರಿಗೆ ವೀಗನ್ ಎಂದು ಹೇಳುವುದಕ್ಕಿಂತ "ಬಿಟ್ಟಿದ್ದೇನೆ" ಎಂದು ಹೇಳಿ ನೋಡಿ. ಕಾಶಿಗೆ ಹೋಗಿ ಬಂದವರು ಒಂದು ತರಕಾರಿ ಬಿಟ್ಟರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ? ಬಿಟ್ಟರು ಎಂದರೆ ಬಿಟ್ಟರು.

ಕಾಯಿಹಾಲು (ಮೈಸೂರು)

ಇದು ನನಗೆ ಹೊಳೆದೇ ಇರಲಿಲ್ಲ!

ಸಂಶಯಾತ್ಮ ಸರ್, ರೇಷ್ಮೆಯ ವಿಚಾರ: ಗೂಡನ್ನು ಹುಳುವಿನ ಸಮೇತ ಕುದಿಸಿ ನೂಲು ತೆಗೆಯುತ್ತಾರೆಂದು ಗೊತ್ತಿದೆ. ಮದುವೆಯಲ್ಲಿ ಬಂದ ಸೀರೆಗಳಿವೆ, ಅವನ್ನು ಉಡುತ್ತೇನೆ, ಹೊಸದನ್ನು ಕೊಳ್ಳುವುದಿಲ್ಲ. ಇದರಲ್ಲಿ ವಿರೋಧಾಭಾಸವಿದೆ ಎನ್ನುವುದಾದರೆ ಇರಲಿ, ಅದನ್ನೂ ಮಡಿಸಿ ಬೀರುವಿನಲ್ಲೇ ಇಟ್ಟಿದ್ದೇನೆ.

ಹೆಸರು ಬೇಡದ ವೈದ್ಯ (ಹಾಸನ)

ಮೊಸರಿನ ಚರ್ಚೆ ನಡೆಯಲಿ. ನನಗೆ ಅದಕ್ಕಿಂತ ಆತಂಕದ ಸಂಗತಿ ವಿಟಮಿನ್ ಬಿ12. ಇಷ್ಟು ಜನ ಬರೆದರೂ ಒಬ್ಬರೂ ಅದರ ಹೆಸರೆತ್ತಿಲ್ಲ.

ಇದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಲ್ಲಿ ನಂಬಬಹುದಾದ ಪ್ರಮಾಣದಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಇದ್ದ ಒಂದೇ ದಾರಿ ಹಾಲು ಮೊಸರು, ಅದೂ ಕಿರಿದಾದ ದಾರಿ. ಹಾಗಾಗಿ ಸಸ್ಯಾಹಾರಿಗಳಲ್ಲಿ ಹಲವರು ಕೊರತೆಯ ಅಂಚಿನಲ್ಲೇ ಇರುತ್ತಾರೆ, ಮಾಂಸಾಹಾರ ಬಿಟ್ಟು ವೀಗನ್ ಆಗುವವರ ಯಕೃತ್ತಿನಲ್ಲಿರುವಷ್ಟು ದಾಸ್ತಾನು ಇವರಲ್ಲಿ ಇರುವುದಿಲ್ಲ. ಅಂಗಾಲು ಜುಮ್ಮೆನ್ನುವುದು, ಸುಸ್ತು, ಮರೆವು, ನಾಲಗೆ ಉರಿ ಕಾಣಿಸಿಕೊಂಡ ಮೇಲೆ ಬಂದರೆ ತಡವಾಗಿರುತ್ತದೆ. ಇನ್ನೊಂದು ಮೋಸವಿದೆ. ನಾವು ಸೊಪ್ಪು ಕಾಳು ಚೆನ್ನಾಗಿ ತಿನ್ನುವವರು, ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳವಾಗಿ ಸಿಗುತ್ತದೆ. ಅದರಿಂದ ರಕ್ತ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣಬಹುದು, ಒಳಗೆ ನರಗಳಿಗೆ ಹಾನಿ ನಡೆಯುತ್ತಲೇ ಇರುತ್ತದೆ.

ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ಆದರೆ ಮಾತ್ರೆಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ. ಅದಕ್ಕೇ ಬ್ರಿಟನ್ನಿನ ವೀಗನ್ ಸೊಸೈಟಿ ತನ್ನವರಿಗೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ತೆಗೆದುಕೊಳ್ಳಲು ಹೇಳುತ್ತದೆ. ಆ ವಾದವನ್ನೇ ನಂಬಿದವರು ಮಾತ್ರೆ ತಪ್ಪಿಸಬೇಡಿ ಎನ್ನುತ್ತಿರುವಾಗ ನಾವು ಸ್ಪಿರುಲಿನಾ ಎಂಬ ಪಾಚಿಯ ಪುಡಿ ಸಾಕು, ಇಡ್ಲಿ ಹಿಟ್ಟು ಹುಳಿ ಬಂದರೆ ಸಾಕು ಎನ್ನುವುದು ಬೇಡ. ಸ್ಪಿರುಲಿನಾದಲ್ಲಿ ಬಹುಪಾಲು ಇರುವುದು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಹುಸಿ ಬಿ12. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಂತೂ ಇಂದೇ ಮಾಡಿಸಿ, ಆ ಮಾತ್ರೆ ಬಿ12 ಹೀರಿಕೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಬಸುರಿಯರು, ಬಾಣಂತಿಯರು ವೈದ್ಯರಿಗೆ ಹೇಳದೆ ಈ ಬದಲಾವಣೆ ಮಾಡಲೇಬಾರದು. ತಾಯಿಗೆ ಬಿ12 ಇಲ್ಲದೆ ಎದೆಹಾಲನ್ನಷ್ಟೇ ಕುಡಿದ ಮಗು ಕಲಿತ ನಗುವನ್ನೂ ಮರೆತು ಮಂಕಾಗಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಚ್ಚು ಬರೆಯುವುದಿಲ್ಲ.

ರೊಟ್ಟಿ ಬುಟ್ಟಿ (ಧಾರವಾಡ)

ಡಾಕ್ಟರ್ ಸಾಹೇಬರೇ, ಕ್ಯಾಲ್ಸಿಯಂ ಬಗ್ಗೆಯೂ ಹೇಳಿಬಿಡಿ. ಮನೆಯಲ್ಲಿ ಎಲ್ಲರ ಮೊದಲ ಪ್ರಶ್ನೆ ಅದೇ: "ಮೂಳೆ ಗತಿ ಏನು?"

ಹೆಸರು ಬೇಡದ ವೈದ್ಯ (ಹಾಸನ)

ಅದಕ್ಕೆ ಅಷ್ಟು ಹೆದರಬೇಕಿಲ್ಲ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350. ರಾಗಿಯಲ್ಲಿರುವುದು ಪೂರ್ತಿ ದಕ್ಕುವುದಿಲ್ಲ ನಿಜ, ಮೊಳಕೆ ಬರಿಸಿ ಹುರಿದು ಬೀಸಿದರೆ ಹೆಚ್ಚು ದಕ್ಕುತ್ತದೆ. ಎಳ್ಳು, ನುಗ್ಗೆಸೊಪ್ಪು ಇವೆ. ಪಾಲಕ್ ಮಾತ್ರ ಲೆಕ್ಕಕ್ಕೆ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುವುದಿಲ್ಲ. ಕಬ್ಬಿಣಾಂಶಕ್ಕೆ ಹುರುಳಿ ಸಾರು ಉಣ್ಣುವಾಗ ನಿಂಬೆಹಣ್ಣು ಹಿಂಡಿ, ಊಟದ ಬೆನ್ನಿಗೇ ಕಾಫಿ ಟೀ ಕುಡಿಯಬೇಡಿ. ಉಪ್ಪು ಅಯೋಡಿನ್ ಇರುವುದಾಗಿರಲಿ.

ಹಟ್ಟಿಮನೆ (ಮಂಡ್ಯ)

ನಾನು ಎರಡು ಸೀಮೆಹಸು ಕಟ್ಟಿರುವವನು. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತೇನೆ. ಇಲ್ಲಿ ಬರೆಯುವುದು ಬೇಡ ಎಂದುಕೊಂಡಿದ್ದೆ. ಕಾಯಿಹಾಲು ಅಕ್ಕನವರು ಕರುವಿನ ಮಾತು ಬರೆದದ್ದರಿಂದ ಬರೆಯುತ್ತಿದ್ದೇನೆ.

ಅಕ್ಕ, ನೀವು ನೋಡಿದ್ದು ಸುಳ್ಳಲ್ಲ. ಕರುವನ್ನು ಬಿಟ್ಟು ಸೊರೆ ಬಿಡಿಸಿ ಎಳೆದು ಕಟ್ಟುವುದು ನನ್ನ ಕೈಗಳೇ. ನನ್ನ ತಂದೆಯ ಕಾಲದಲ್ಲಿ ಗಂಡು ಕರು ಹುಟ್ಟಿದರೆ ಹಬ್ಬ, ನೊಗಕ್ಕೆ ಜೊತೆಯಾಯಿತು ಎಂದು. ಈಗ ಉಳುವುದು ಟ್ರ್ಯಾಕ್ಟರ್. 2021ರ ಜನವರಿಯಿಂದ ಕಾನೂನೂ ಬಿಗಿಯಾಗಿದೆ. 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಬೇರೆ ಯಾವ ರಾಸನ್ನೂ ಕಡಿಯುವಂತಿಲ್ಲ. ಕಡಿಯಬೇಕೆಂಬ ಆಸೆ ನನಗೂ ಇಲ್ಲ. ಆದರೆ ಹಾಲು ಬತ್ತಿದ ಹಸುವಿಗೆ, ಹೋರಿ ಕರುವಿಗೆ ಹುಲ್ಲು, ಬೂಸಾ, ಹಿಂಡಿ ಯಾರ ಲೆಕ್ಕ? ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಇಂಜೆಕ್ಷನ್ ಬಂದಿದೆ. ಒಂದಕ್ಕೆ ಕಟ್ಟಿತು, ಇನ್ನೊಂದಕ್ಕೆ ಎರಡು ಸಲ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ.

ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ಹಾಲಿನ ಬಿಲ್ಲಿನಲ್ಲಿ ಮನೆಯ ಕರೆಂಟು, ಮಗಳ ಬಸ್ ಪಾಸು, ನನ್ನ ತಾಯಿಯ ಬಿಪಿ ಮಾತ್ರೆ. ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ಖಾತೆಗೆ ಬಂದ ತಿಂಗಳು ಮನೆಯಲ್ಲಿ ಮಾತಿನ ಧಾಟಿಯೇ ಬೇರೆ. ನೀವು ಹಾಲು ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ, ನಾಲಗೆ ನಿಮ್ಮದು. ಹಾಲು ಮಾರುವವರೆಲ್ಲ ಕಟುಕರು ಎಂದು ಬರೆಯುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಕೆಚ್ಚಲು ಬಾವು ಬಂದಾಗ ರಾತ್ರಿ ಎರಡು ಗಂಟೆಗೆ ಎದ್ದು ಬಿಸಿನೀರಿನ ಶಾಖ ಕೊಡುವುದು ಯಾರು?

ಕಾಯಿಹಾಲು (ಮೈಸೂರು)

ಅಣ್ಣ, ನಾನು ಹಾಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಆ ಕರು ಕಟ್ಟಿದ್ದ ಮನೆಯವರೇ ಆ ಬೆಳಿಗ್ಗೆ ನನಗೆ ಚೊಂಬು ತುಂಬ ಹಾಲು ಕೊಟ್ಟು ಕಳಿಸಿದ್ದರು. ಅದನ್ನು ಬೇಡ ಎನ್ನಲಾಗದೆ ತಂದು ಅತ್ತೆಯವರ ಕೈಗೆ ಕೊಟ್ಟೆ. ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಾನೊಬ್ಬಳು ಮೊಸರು ಬಿಟ್ಟ ಮಾತ್ರಕ್ಕೆ ನಿಮ್ಮ ಹೋರಿ ಕರುವಿಗೆ ಹುಲ್ಲು ಬರುವುದಿಲ್ಲ ಎಂದೂ ಗೊತ್ತು.

ಬರ್ಲಿನ್ ಕನ್ನಡಿಗ

ಇಲ್ಲಿ ನಾನು ವೀಗನ್ ಆದದ್ದು ಆದರ್ಶದಿಂದಲ್ಲ, ಸೋಮಾರಿತನದಿಂದ. ಮೂಲೆಯ ಅಂಗಡಿಯಲ್ಲೂ ಓಟ್ಸ್ ಹಾಲು, ಸೋಯಾ ಮೊಸರು ಅಗ್ಗಕ್ಕೆ ಸಿಗುತ್ತವೆ. ಆದರೆ ಪೊಟ್ಟಣದ ಮೇಲೆ ಓಟ್ಸ್ 'ಹಾಲು' ಎಂದು ಬರೆಯುವಂತಿಲ್ಲ. 2017ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಗಿಡದ ಪದಾರ್ಥಗಳಿಗೆ ಹಾಲು, ಬೆಣ್ಣೆ, ಚೀಸ್ ಎಂಬ ಹೆಸರು ಸಲ್ಲದು ಎಂದಿತು. ಅದಕ್ಕೇ 'ಹಾಫರ್‌ಡ್ರಿಂಕ್', ಓಟ್ಸ್ ಪಾನೀಯ. ತೆಂಗಿನ ಹಾಲಿಗಾದರೆ ವಿನಾಯಿತಿ ಇದೆ. ಭಾರತದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಇದೇ ದಾರಿ ಹಿಡಿಯಿತು. ಕಾಯಿಹಾಲು ಎಂದು ನಮ್ಮವರು ತಲೆಮಾರುಗಳಿಂದ ಕರೆಯುತ್ತ ಬಂದದ್ದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಾಗಿರಲಿಲ್ಲ ಎಂದು ಒಳಗೊಳಗೇ ಹೆಮ್ಮೆ.

ಒಂದು ಎಚ್ಚರಿಕೆ. ಸೋಯಾ ಮೊಸರು ಎಂದು ತಂದು ಸಾಸಿವೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು, ಊರಿನಿಂದ ಬಂದಿದ್ದ ಚಿಕ್ಕಪ್ಪನಿಗೆ ಮೊಸರನ್ನ ಬಡಿಸಿದೆ. ಅವರು ಎರಡು ತುತ್ತು ತಿಂದು, "ಇದಕ್ಕೆ ಐಸ್‌ಕ್ರೀಮ್ ಹಾಕಿದ್ದೀಯೇನೋ?" ಎಂದರು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ವೆನಿಲಾ ಎಂದಿತ್ತು.

ಶಿರಸಿ ಸೀಮೆ

ತುಪ್ಪಕ್ಕೆ ಬದಲಿನ ಬಗ್ಗೆ ಯಾರೂ ಬರೆಯದಿದ್ದುದರಿಂದ ಬರೆಯುತ್ತಿದ್ದೇನೆ. ನಮ್ಮ ಘಟ್ಟದ ಕಾಡಿನಲ್ಲಿ ಉಪ್ಪಾಗೆ ಮರವಿದೆ. ಮಳೆಗಾಲದಲ್ಲಿ ಹಣ್ಣು ಬೀಳುತ್ತದೆ. ಸಿಪ್ಪೆಯನ್ನು ಹೊಗೆಯ ಮೇಲೆ ಒಣಗಿಸಿ ಹುಳಿಗೆಂದು ಮಾರುತ್ತಾರೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿದರೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಅದೇ ಉಪ್ಪಾಗೆ ತುಪ್ಪ. ಕರಾವು (ಹಾಲು ಕರೆಯುವ ದನ) ಇಲ್ಲದ ಮನೆಗಳಲ್ಲಿ ದೋಸೆಗೆ ಇದೇ ತುಪ್ಪವಾಗಿತ್ತು. ಮುರುಗಲ (ಕೋಕಂ) ಬೀಜದಿಂದಲೂ ತೆಗೆಯುತ್ತಾರೆ, ಅದು ಹಿಮ್ಮಡಿ ಒಡೆದವರಿಗೂ ಆಗುತ್ತದೆ. ಪರಿಮಳ ಹಸುವಿನ ತುಪ್ಪದ್ದಲ್ಲ, ಹಾಗೆ ಎಣಿಸಿ ತಿಂದರೆ ನಿರಾಸೆ. ಬೇರೆಯೇ ಒಂದು ಪದಾರ್ಥ ಎಂದು ತಿನ್ನಿ.

ಊಟದ ಕೊನೆಗೆ ಮಜ್ಜಿಗೆಯೇ ಏಕೆ? ಒಂದು ಲೋಟ ಅಪ್ಪೆಹುಳಿ, ನಮ್ಮ ಮಾವಿನಕಾಯಿಯ ತೆಳು ಹುಳಿ, ಕುಡಿದು ನೋಡಿ. ಆಮೇಲೆ ಬರುವ ನಿದ್ದೆಗೆ ನಾನು ಜವಾಬ್ದಾರನಲ್ಲ.

ರೊಟ್ಟಿ ಬುಟ್ಟಿ (ಧಾರವಾಡ)

ನಮ್ಮ ಕಡೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ) ಎಲ್ಲವೂ ಹಾಲಿಲ್ಲದ್ದೇ. ತೊಡಕು ಇರುವುದು ಹಿಂಡಿಯ ನಡುವೆ ಕುಳಿ ಮಾಡಿ ಗಟ್ಟಿ ಮೊಸರು ಹಾಕಿಕೊಳ್ಳುವ ಚಟದಲ್ಲಿ. ಆ ಕುಳಿಗೆ ಈಗ ಹಸಿ ಶೇಂಗಾ ಎಣ್ಣೆ ಬಿಡುತ್ತೇನೆ. ಮೀನಿನಲ್ಲಿ ಸಿಗುವ ಒಮೆಗಾ-3ಕ್ಕೆ ಏನು ಮಾಡುತ್ತೀರಿ ಎಂದು ಕೇಳುವವರಿಗೆ ಅಗಸಿ ಹಿಂಡಿ ತೋರಿಸುತ್ತೇನೆ. ಅಗಸೆಯಲ್ಲಿರುವುದು ಮೀನಿನದ್ದಲ್ಲ, ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಮಾರ್ಪಡಿಸಿಕೊಳ್ಳುತ್ತದೆ. ಆದರೂ ಇಷ್ಟು ರುಚಿಯಾದ ಔಷಧ ಬೇರೆಲ್ಲಿದೆ?

ದರ್ಶಿನಿ ಗಿರಾಕಿ (ಬೆಂಗಳೂರು)

ಹೊರಗೆ ತಿನ್ನುವವರಿಗೆ ನನ್ನ ಎರಡು ವರ್ಷದ ಪಾಠ. ಹಸಿರು ಚುಕ್ಕೆಯನ್ನು ನಂಬಬೇಡಿ, ಹಾಲು ಜೇನು ಎರಡೂ ಆ ಚುಕ್ಕೆಯೊಳಗೇ ಇವೆ. ವೀಗನ್ ಪದಾರ್ಥಗಳಿಗೆ 2022ರಲ್ಲಿ ಬೇರೆ ನಿಯಮ ಬಂತು, ಹಸಿರು ಚೌಕದೊಳಗೆ ಎಲೆಯಿರುವ 'ವಿ' ಅಕ್ಷರ ಅದರ ಗುರುತು. ಅದಿಲ್ಲದಿದ್ದರೆ ಪೊಟ್ಟಣ ತಿರುಗಿಸಿ ಓದಿ. ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಬ್ರೆಡ್ಡಿನಲ್ಲಿ ಹಾಲಿನ ಘನಾಂಶ, ಮಸಾಲೆ ಚಿಪ್ಸಿನಲ್ಲೂ ವೇ ಪುಡಿ, ಅಂದರೆ ಒಡೆದ ಹಾಲಿನ ನೀರಿನ ಪುಡಿ, ಇಣುಕುತ್ತದೆ. ಔಷಧದ ಕ್ಯಾಪ್ಸೂಲಿನ ಸಿಪ್ಪೆ ಹೆಚ್ಚಾಗಿ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಾಟಿನ್. ಆದರೆ ಕಾಯಿಲೆ ಬಿದ್ದಾಗ ಅದನ್ನು ನೆಪ ಮಾಡಿ ಔಷಧ ಬಿಡಬೇಡಿ.

ಹೋಟೆಲಿನಲ್ಲಿ ಇಡ್ಲಿ, ಉದ್ದಿನವಡೆ ಸಾಮಾನ್ಯವಾಗಿ ಕ್ಷೇಮ. ರವೆ ಇಡ್ಲಿಯಲ್ಲಿ ಮೊಸರಿದೆ. ಖಾರಾಬಾತಿಗೆ ತುಪ್ಪ ಬಿದ್ದಿದೆಯೇ ಎಂದು ಕೇಳಿದರೆ, ನಾನು ಹೆಚ್ಚು ತುಪ್ಪ ಬೇಕೆನ್ನುತ್ತಿದ್ದೇನೆಂದು ತಿಳಿದು ಇನ್ನೊಂದು ಚಮಚ ಹಾಕಿಕೊಟ್ಟವರಿದ್ದಾರೆ. 'ಇಲ್ಲಿ ಶುದ್ಧ ತುಪ್ಪವನ್ನೇ ಬಳಸಲಾಗುತ್ತದೆ' ಎಂಬ ಫಲಕ ಕಂಡರೆ ಮೊದಲು ಒಳಗೆ ನುಗ್ಗುತ್ತಿದ್ದೆ, ಈಗ ಮುಂದೆ ಹೋಗುತ್ತೇನೆ. ಡಾಲ್ಡಾ ಹಾಕುವ ಬಡ ಹೋಟೆಲುಗಳೇ ನಮ್ಮ ಮಿತ್ರರು, ಆರೋಗ್ಯದ ಮಾತು ಎತ್ತಬೇಡಿ.

ಸಂಶಯಾತ್ಮ (ಬೆಂಗಳೂರು)

ಇಷ್ಟು ಕಷ್ಟಪಟ್ಟು ಬದುಕುವುದೇ?

ದರ್ಶಿನಿ ಗಿರಾಕಿ (ಬೆಂಗಳೂರು)

ನೀವು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಬೇರೊಂದು ಚರ್ಚೆಯಲ್ಲಿ ಬರೆದಿದ್ದಿರಿ. ಹೋಟೆಲಿನಲ್ಲಿ ನೀವು ಕೇಳುವ ಪ್ರಶ್ನೆಗಳು ಎಷ್ಟು ಸ್ವಾಮಿ?

ಕಾಯಿಹಾಲು (ಮೈಸೂರು), ಮೂರು ವಾರದ ನಂತರ

ವರದಿ ಒಪ್ಪಿಸುತ್ತಿದ್ದೇನೆ.

ರಕ್ತ ಪರೀಕ್ಷೆ ಮಾಡಿಸಿದೆ. ವೈದ್ಯರು ಹೇಳಿದ್ದೇ ನಿಜ, ಬಿ12 ಕೆಳಮಟ್ಟದ ಗೆರೆಗಿಂತ ಕೆಳಗಿತ್ತು. ನಾಲ್ಕು ತಿಂಗಳಲ್ಲಿ ಆದದ್ದಲ್ಲ, ಮೊದಲಿನಿಂದಲೂ ಇದ್ದಿರಬೇಕು ಎಂದರು. ಮಾತ್ರೆ ಶುರುವಾಗಿದೆ. ತಮಾಷೆಯೆಂದರೆ ಈ ವರದಿ ನೋಡಿ ಅತ್ತೆಯವರಿಗೆ ಸಮಾಧಾನವಾಯಿತು. ಕೊನೆಗೂ ಕಾಯಿಲೆ ಸಿಕ್ಕಿತಲ್ಲ!

ಮೊದಲ ಕಡಲೆಕಾಯಿ ಮೊಸರು ಒಗ್ಗರಣೆಯವರು ಹೇಳಿದಂತೆ ಖಾರವಾಗಿಯೇ ಬಂತು. ಅದರ ಹೆಪ್ಪಿನಲ್ಲಿ ಎರಡನೆಯದನ್ನು ಅಕ್ಕಿಯ ಡಬ್ಬಿಯೊಳಗೆ ಪಾತ್ರೆ ಹುಗಿದು ಬೆಚ್ಚಗಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದು ಪಾತ್ರೆಯನ್ನು ವಾಲಿಸಿದರೆ ಅಲುಗಲಿಲ್ಲ. ಚಮಚ ಹಾಕಿದಾಗ ಕತ್ತರಿಸಿದ ಅಂಚು ಹಾಗೆಯೇ ನಿಂತಿತು. ಬಣ್ಣ ಹಾಲಿನ ಬಿಳಿಯಲ್ಲ, ಹಳೆಯ ಪಂಚೆಯ ಬಿಳಿ. ಹಿಂದೆ ಎಲ್ಲೋ ಕಡಲೆಕಾಯಿಯ ನೆನಪು ಇದೆ. ಉಪ್ಪು ಶುಂಠಿ ಬಿದ್ದ ಮೇಲೆ ಅದೂ ಇಲ್ಲ.

ಭಾನುವಾರ ಮನೆಯಲ್ಲಿ ಪೂಜೆ, ಎಲೆ ಊಟ. ನಾನು ಹೆದರಿದ್ದು ಅಭಿಘಾರಕ್ಕೆ. ಅತ್ತೆಯವರು ತುಪ್ಪದ ಮಿಳ್ಳೆ ಹಿಡಿದು ಸಾಲಾಗಿ ಎಲೆಗಳಿಗೆ ಒಂದೊಂದು ತೊಟ್ಟು ಹಾಕುತ್ತ ಬಂದರು. ನನ್ನೆದುರು ನಿಂತರು. ರಥಬೀದಿಯವರು ಹೇಳಿಕೊಟ್ಟಂತೆ ಹಿಂದಿನ ರಾತ್ರಿಯೇ "ಬಿಟ್ಟಿದ್ದೇನೆ ಅತ್ತೆ" ಎಂದು ಹೇಳಿದ್ದೆ. ಅವರು ಮಿಳ್ಳೆಯನ್ನು ಇನ್ನೊಂದು ಕೈಗೆ ಬದಲಿಸಿ, ಸೆರಗಿನ ಮರೆಯಿಂದ ಪುಟ್ಟ ಬಟ್ಟಲು ತೆಗೆದರು. ಕೊಬ್ಬರಿ ಎಣ್ಣೆ. ಒಂದು ತೊಟ್ಟು ಹಾಕಿ ಏನೂ ಹೇಳದೆ ಮುಂದಿನ ಎಲೆಗೆ ಹೋದರು.

ಊಟದ ಕೊನೆಗೆ ನನ್ನ ಮೊಸರನ್ನವನ್ನು ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡು, "ಹುಳಿ ಸಾಲದು, ಇನ್ನೆರಡು ಗಂಟೆ ಹೊರಗಿಡಬೇಕಿತ್ತು" ಎಂದರು. ನಂಚಿಕೊಳ್ಳಲು ಎರಡು ಬಾಳಕದ ಮೆಣಸಿನಕಾಯಿಯನ್ನೂ ಕರಿದು ಎಲೆಯ ತುದಿಗೆ ಹಾಕಿದರು. ಎರಡನ್ನೂ ಖುಷಿಯಿಂದ ತಿಂದೆ.

ಕೈ ತೊಳೆಯುವಾಗ ನೆನಪಾಯಿತು. ಬಾಳಕವನ್ನು ನೆನೆಸಿ ಒಣಗಿಸುವುದು ಮಜ್ಜಿಗೆಯಲ್ಲಿ.

ಒಗ್ಗರಣೆ (ತುಮಕೂರು)

ನಿಮ್ಮ ಕಡಲೆಕಾಯಿ ಮೊಸರನ್ನೇ ಕಡೆದು ಅದರಲ್ಲಿ ನೆನೆಸಿ. ಈಗ ಬೇಡ, ಬಿಸಿಲು ಸಾಲದು, ಬೂಷ್ಟು ಹಿಡಿಯುತ್ತದೆ. ಯುಗಾದಿ ಕಳೆಯಲಿ.